ಕಾರು ಮುಳುಗ್ಲಪ್ಪಾ ದೇವ್ರೇ!

'ಸೈಕೋ' ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಬಾತ್‌ರೂಮಿನ ಕೊಲೆ. ಶವರ್ ಕೆಳಗೆ ನಿಂತ ಹೆಣ್ಣು, ಪರದೆಯಾಚೆ ನೆರಳು, ಎತ್ತಿದ ಚಾಕು, ಕಿರುಚುವ ಪಿಟೀಲು. 1960ರ ಆ ದೃಶ್ಯದ ಬಗ್ಗೆ ಪುಸ್ತಕಗಳು ಬಂದಿವೆ, ಅದೊಂದನ್ನೇ ಇಟ್ಟುಕೊಂಡು ಪೂರ್ತಿ ಡಾಕ್ಯುಮೆಂಟರಿಯೂ ಬಂದಿದೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಅದರ ನಂತರ ಬರುವ ದೃಶ್ಯ. ಅದರಲ್ಲಿ ಕೊಲೆಯಿಲ್ಲ, ಚೀರಾಟವಿಲ್ಲ, ಮಾತೂ ಇಲ್ಲ ಅನ್ನುವಷ್ಟು ಕಮ್ಮಿ.

ನಾರ್ಮನ್ ಬೇಟ್ಸ್ ಅನ್ನೋ ಹುಡುಗ ಬಕೆಟ್ಟು, ಒರೆಸುವ ಬಟ್ಟೆ ತಂದು ರಕ್ತ ತೊಳೆಯುತ್ತಾನೆ. ಹೆಣವನ್ನು ಶವರಿನ ಪರದೆಯಲ್ಲೇ ಸುತ್ತಿ ಸತ್ತವಳ ಕಾರಿನ ಡಿಕ್ಕಿಗೆ ಹಾಕುತ್ತಾನೆ. ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕಾರು ಗುಳುಗುಳು ಅಂತ ಮುಳುಗುತ್ತಾ ಹೋಗುತ್ತೆ, ಇನ್ನೇನು ಪೂರ್ತಿ ಹೋಯ್ತು ಅನ್ನುವಾಗ ನಿಂತುಬಿಡುತ್ತೆ. ಬಾಯಲ್ಲಿ ಏನನ್ನೋ ಜಗಿಯುತ್ತಿದ್ದ ನಾರ್ಮನ್ನೂ ತಟಸ್ಥನಾಗುತ್ತಾನೆ. ಆಚೀಚೆ ನೋಡುತ್ತಾನೆ. ಕೆಲವೇ ಸೆಕೆಂಡು. ಆಮೇಲೆ ಕಾರು ಮತ್ತೆ ಇಳಿಯುತ್ತೆ, ನೀರು ಮುಚ್ಚಿಕೊಳ್ಳುತ್ತೆ.

ಆ ಕೆಲವು ಸೆಕೆಂಡುಗಳಲ್ಲಿ ನೋಡುವವರ ಮನಸ್ಸು ಏನು ಹೇಳುತ್ತೆ ಗೊತ್ತಾ? ಮುಳುಗ್ಲಪ್ಪಾ ದೇವ್ರೇ, ಮುಳುಗ್ಲಿ! ಹತ್ತು ನಿಮಿಷದ ಹಿಂದೆ ತಾನೇ ಆ ಹೆಣ್ಣಿಗಾಗಿ ಮರುಗಿದ್ದೆವು. ಈಗ ಅವಳ ಹೆಣ ಸಿಗದೇ ಹೋಗಲಿ ಅಂತ ಹಾರೈಸುತ್ತಿದ್ದೇವೆ. ಸಾಕ್ಷ್ಯ ನಾಶಕ್ಕೆ ನಾವೇ ಕೈ ಜೋಡಿಸಿದ ಹಾಗಾಯ್ತು. ಯಾರೂ ನಮಗೆ ನಾರ್ಮನ್ ಒಳ್ಳೆಯವನು ಅಂತ ವಾದ ಮಾಡಿ ಒಪ್ಪಿಸಲಿಲ್ಲ. ಅವನ ಕೆಲಸವನ್ನು ಹಂತ ಹಂತವಾಗಿ ತೋರಿಸಿದರು, ಅವನ ಮುಖವನ್ನು ಹತ್ತಿರದಿಂದ ತೋರಿಸಿದರು, ಅರ್ಧಕ್ಕೆ ನಿಂತ ಕಾರನ್ನು ತೋರಿಸಿದರು. ಅಷ್ಟೇ.

ಥ್ರಿಲ್ಲರ್ ಸಿನಿಮಾದ ತಂತ್ರಗಳ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಇದೇ. ಸಸ್ಪೆನ್ಸ್ ಅಂದರೆ ಬರೀ ಎದೆ ಡವಗುಟ್ಟಿಸುವ ಆಟ ಅಂದುಕೊಳ್ಳುತ್ತೇವೆ. ಆದರೆ ಅದು ನಮ್ಮನ್ನು ಕೇಳದೆಯೇ ನಮ್ಮನ್ನು ಯಾರದೋ ಪಕ್ಷಕ್ಕೆ ಸೇರಿಸಿಬಿಡುತ್ತೆ. ಈ ಕಲೆ ಹೇಗೆ ಹುಟ್ಟಿತು, ಯಾರ ಯಾರ ಕೈಗೆ ಹೋಯಿತು ಅನ್ನೋದು ಸ್ವಾರಸ್ಯದ ಕಥೆ. ಒಂದೆರಡು ಕಡೆ ಭಯ ಹುಟ್ಟಿಸುವ ಕಥೆಯೂ ಹೌದು. (ಹಳೇ ಸಿನಿಮಾಗಳ ಗುಟ್ಟು ಅಲ್ಲಲ್ಲಿ ರಟ್ಟಾಗುತ್ತೆ. ಅರವತ್ತು, ನೂರು ವರ್ಷ ಕಾದಿದ್ದೇವೆ, ಸಾಕು.)

ಟೆಲಿಫೋನು, ಬಾಗಿಲು, ಕತ್ತರಿ

ಮೊದಲ ಪಾತ್ರಧಾರಿ ಟೆಲಿಫೋನು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಂದ್ರೆ ದ ಲೋರ್ದ್ ಅನ್ನೋ ಫ್ರೆಂಚ್ ನಾಟಕಕಾರ ಫೋನಿನ ಮೇಲೊಂದು ನಾಟಕ ಬರೆದ. ಊರಾಚೆಯ ಮನೆಯಲ್ಲಿ ಹೆಂಡತಿ ಮಕ್ಕಳು, ದೂರದಲ್ಲೆಲ್ಲೋ ಗಂಡ. ಮನೆಗೆ ದುಷ್ಟರು ನುಗ್ಗುತ್ತಾರೆ. ಗಂಡ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ, ಏನೂ ಮಾಡಲಾರ.  ಪ್ರೇಕ್ಷಕ ಅವನ ಮುಖ ನೋಡುತ್ತಾ ನರಳಬೇಕು.

ಸಿನಿಮಾಕ್ಕೆ ಇದನ್ನು ಮೀರುವ ಒಂದು ಸೌಕರ್ಯವಿತ್ತು: ಕತ್ತರಿ. 1909ರಲ್ಲಿ ಅಮೆರಿಕದ ಬಯೋಗ್ರಾಫ್ ಕಂಪನಿಗೆ ಡಿ. ಡಬ್ಲ್ಯೂ. ಗ್ರಿಫಿತ್ 'ದ ಲೋನ್ಲಿ ವಿಲ್ಲಾ' ಅನ್ನೋ ಪುಟ್ಟ ಚಿತ್ರ ಮಾಡಿದ. ಕಥೆ ಹೆಚ್ಚುಕಮ್ಮಿ ಅದೇ. ಇಲ್ಲಿ ಕ್ಯಾಮೆರಾ ಮೂರು ಕಡೆ ಓಡಾಡುತ್ತೆ. ಬಾಗಿಲು ಮುರಿಯುತ್ತಿರುವ ಕಳ್ಳರು, ಒಳಗೆ ಮೇಜು ಕುರ್ಚಿ ಅಡ್ಡ ಇಟ್ಟುಕೊಂಡು ನಡುಗುತ್ತಿರುವ ತಾಯಿ ಮಕ್ಕಳು, ಕೆಟ್ಟುನಿಂತ ಕಾರನ್ನು ಬಿಟ್ಟು ಕುದುರೆಗಾಡಿ ಹತ್ತಿ ಧಾವಿಸುತ್ತಿರುವ ಅಪ್ಪ. ಇವನು, ಅವರು, ಇವರು. ಮತ್ತೆ ಇವನು, ಅವರು, ಇವರು. ಹತ್ತು ಹನ್ನೆರಡು ನಿಮಿಷದ ಚಿತ್ರಕ್ಕೆ ಐವತ್ತರ ಆಸುಪಾಸು ಶಾಟ್‌ಗಳು. ಒಂದು ದೃಶ್ಯವೆಂದರೆ ಒಂದೇ ಶಾಟ್ ಅನ್ನೋ ಅಭ್ಯಾಸವಿದ್ದ ಕಾಲದಲ್ಲಿ ಇದು ದೊಡ್ಡ ಸಂಖ್ಯೆ.

ಇದನ್ನು ಗ್ರಿಫಿತ್ ಒಬ್ಬನೇ ಕಂಡುಹಿಡಿದ ಅನ್ನೋದು ತಪ್ಪು. ಅದಕ್ಕೊಂದು ವರ್ಷ ಮೊದಲೇ ಫ್ರಾನ್ಸಿನ ಪಾಥೆ ಕಂಪನಿ ಡಾಕ್ಟರೊಬ್ಬನ ಮನೆಗೆ ಕಳ್ಳರು ನುಗ್ಗುವ ಚಿತ್ರದಲ್ಲಿ ಇಂಥದ್ದೇ ಪ್ರಯೋಗ ಮಾಡಿತ್ತು. ಆದರೆ ಅದನ್ನು ಒಂದು ವ್ಯಾಕರಣ ಮಾಡಿದವನು ಗ್ರಿಫಿತ್. ಆ ವ್ಯಾಕರಣದ ನಿಯಮ ಬಹಳ ಸರಳ. ಎರಡು ಜಾಗಗಳನ್ನು ಒಂದಾದ ಮೇಲೊಂದು ತೋರಿಸು, ಎರಡೂ ಏಕಕಾಲಕ್ಕೆ ನಡೀತಿವೆ ಅಂತ ಪ್ರೇಕ್ಷಕ ತಾನೇ ಅರ್ಥ ಮಾಡಿಕೊಳ್ಳುತ್ತಾನೆ. ಶಾಟ್‌ಗಳನ್ನು ಬರಬರುತ್ತಾ ಚಿಕ್ಕದು ಮಾಡು, ಸಮಯ ಕಮ್ಮಿಯಾಗುತ್ತಿದೆ ಅಂತ ಅವನ ಮೈಗೆ ಗೊತ್ತಾಗುತ್ತೆ. ಅಪ್ಪ ಹತ್ತು ಸೆಕೆಂಡಿನಲ್ಲಿ ಮುಟ್ಟಬೇಕಾದ ಮನೆಯನ್ನು ಮೂವತ್ತು ಸೆಕೆಂಡು ಮುಟ್ಟದಂತೆ ಎಳೆದರೂ ಯಾರೂ ಗಡಿಯಾರ ನೋಡಲ್ಲ.

1913ರಲ್ಲಿ ಲೋಯಿಸ್ ವೆಬರ್ ಅನ್ನೋ ನಿರ್ದೇಶಕಿ ಗಂಡ ಫಿಲಿಪ್ಸ್ ಸ್ಮಾಲಿ ಜೊತೆ ಸೇರಿ ಅದೇ ಕಥೆಯನ್ನು ಮತ್ತೆ ಮಾಡಿದಳು. ಹೆಸರೇ 'ಸಸ್ಪೆನ್ಸ್'. ಹತ್ತು ನಿಮಿಷದ ಈ ಚಿತ್ರ ಯೂಟ್ಯೂಬಲ್ಲಿ ಸಿಗುತ್ತೆ, ಆಫೀಸಿನ ಟೀ ಬ್ರೇಕಲ್ಲಿ ನೋಡಿ ಮುಗಿಸಬಹುದು. ವೆಬರ್ ಪರದೆಯನ್ನೇ ಮೂರು ತ್ರಿಕೋನ ಮಾಡಿ ಒಂದರಲ್ಲಿ ಕಳ್ಳ, ಒಂದರಲ್ಲಿ ಫೋನ್ ಹಿಡಿದ ಹೆಂಡತಿ, ಇನ್ನೊಂದರಲ್ಲಿ ಫೋನ್ ಹಿಡಿದ ಗಂಡ, ಮೂವರನ್ನೂ ಒಟ್ಟಿಗೆ ತೋರಿಸುತ್ತಾಳೆ. ಮಹಡಿಯ ಕಿಟಕಿಯಿಂದ ಹೆಂಡತಿ ಕೆಳಗೆ ಬಗ್ಗಿ ನೋಡುವಾಗ ಕಳ್ಳ ತಲೆಯೆತ್ತಿ ನೇರ ನಮ್ಮನ್ನೇ ನೋಡುತ್ತಾನೆ. ಗಂಡ ಕದ್ದ ಕಾರಿನಲ್ಲಿ ಓಡುವಾಗ ಬೆನ್ನಟ್ಟಿದ ಪೊಲೀಸರ ಕಾರು ಅವನ ಕನ್ನಡಿಯಲ್ಲಿ ಕಾಣುತ್ತೆ. ನೂರಾರು ಚೇಸ್ ಸೀನುಗಳಲ್ಲಿ ನಾವು ನೋಡಿದ ಆ ಕನ್ನಡಿ 1913ರಲ್ಲೇ ಅಲ್ಲಿತ್ತು! ಇತಿಹಾಸದ ಪುಸ್ತಕಗಳು ಗ್ರಿಫಿತ್‌ಗೆ ಕೊಟ್ಟಷ್ಟು ಪುಟಗಳನ್ನು ವೆಬರ್‌ಗೆ ಕೊಡಲು ಬಹಳ ಕಾಲ ತೆಗೆದುಕೊಂಡವು.

ಅದೇ ಕತ್ತರಿ, ಬೇರೆ ಕುದುರೆಗಳು

ಇಲ್ಲಿಯವರೆಗೆ ಕಥೆ ಚೆನ್ನಾಗಿಯೇ ಇದೆ. ಬಾಗಿಲಾಚೆ ಕಳ್ಳ, ಈಚೆ ಮಕ್ಕಳು. ಯಾರ ಪರ ನಿಲ್ಲಬೇಕು ಅಂತ ಯಾರಿಗೂ ಗೊಂದಲವಿಲ್ಲ. 1915ರಲ್ಲಿ ಗ್ರಿಫಿತ್ 'ದ ಬರ್ತ್ ಆಫ್ ಎ ನೇಶನ್' ತೆಗೆದ. ಮೂರು ಗಂಟೆಯ ಚಿತ್ರ. ಅದರ ಕೊನೆಯಲ್ಲೂ ಒಂದು ಒಂಟಿ ಮನೆಯಿದೆ, ಮರದ ಗುಡಿಸಲು. ಒಳಗೆ ನಡುಗುತ್ತಿರುವವರು ಬಿಳಿಯರು. ಬಾಗಿಲು ಮುರಿಯುತ್ತಿರುವವರು ಕಪ್ಪು ಸೈನಿಕರು. ಕುದುರೆಯೇರಿ ಧಾವಿಸಿ ಬರುತ್ತಿರುವ ರಕ್ಷಕರು ಯಾರು? ಬಿಳಿ ಮುಸುಕಿನ ಕು ಕ್ಲಕ್ಸ್ ಕ್ಲಾನ್.

ಲೋನ್ಲಿ ವಿಲ್ಲಾದ ತಂತ್ರವೇ ಇದು, ಒಂದಕ್ಷರ ಬದಲಾಗಿಲ್ಲ. ಗುಡಿಸಲು, ಕುದುರೆ, ಗುಡಿಸಲು, ಕುದುರೆ, ಚಿಕ್ಕದಾಗುತ್ತಾ ಹೋಗುವ ಶಾಟ್‌ಗಳು, ಥಿಯೇಟರಿನಲ್ಲಿ ಕೂತ ವಾದ್ಯವೃಂದದಿಂದ ವಾಗ್ನರನ ಸಂಗೀತ. ಕಪ್ಪು ಜನರನ್ನು ಹೊಡೆದು, ನೇಣು ಹಾಕಿ ಹೆದರಿಸಿದ ಒಂದು ಗುಂಪಿಗಾಗಿ ಇಡೀ ಥಿಯೇಟರು 'ಬೇಗ ಬನ್ರಪ್ಪಾ' ಅಂತ ಕುರ್ಚಿಯ ತುದಿಗೆ ಬಂದು ಕೂತಿತ್ತು. ಚಿತ್ರ ಶ್ವೇತಭವನದಲ್ಲೇ ಪ್ರದರ್ಶನ ಕಂಡಿತು. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ, ಅಂದರೆ ಲೋನ್ಲಿ ವಿಲ್ಲಾ ಬಂದ ವರ್ಷವೇ, ಹುಟ್ಟಿದ ಎನ್‌ಎಎಸಿಪಿ ಸಂಸ್ಥೆ ಊರೂರಲ್ಲಿ ಪ್ರತಿಭಟಿಸಿತು. 1870ರ ದಶಕದಲ್ಲೇ ಅಡಗಿಹೋಗಿದ್ದ ಕ್ಲಾನ್ ಅದೇ 1915ರ ನವೆಂಬರಿನಲ್ಲಿ ಅಟ್ಲಾಂಟಾ ಬಳಿಯ ಸ್ಟೋನ್ ಮೌಂಟನ್ ಮೇಲೆ ಮತ್ತೆ ಶುರುವಾಯಿತು. ಮರುತಿಂಗಳು ಅಟ್ಲಾಂಟಾದಲ್ಲಿ ಚಿತ್ರ ಬಿಡುಗಡೆಯಾದಾಗ ಪತ್ರಿಕೆಯಲ್ಲಿ ಸಿನಿಮಾ ಜಾಹೀರಾತಿನ ಜೊತೆಗೇ ಕ್ಲಾನ್ ಜಾಹೀರಾತೂ ಬಂತು. 1920ರ ದಶಕದಲ್ಲಿ ಅದರ ಸದಸ್ಯರ ಸಂಖ್ಯೆ ಹತ್ತಾರು ಲಕ್ಷ ಮುಟ್ಟಿತು.

ಒಂದು ಸಿನಿಮಾದಿಂದಲೇ ಇಷ್ಟೆಲ್ಲಾ ಆಯ್ತು ಅಂತ ನಾನು ಹೇಳುತ್ತಿಲ್ಲ. ಆ ದ್ವೇಷಕ್ಕೆ ಸಿನಿಮಾಕ್ಕಿಂತ ಬಹಳ ಹಳೆಯ ಬೇರುಗಳಿದ್ದವು. ಆದರೆ ದ್ವೇಷವನ್ನು ಭಾಷಣದಲ್ಲಿ ಕೇಳುವುದಕ್ಕೂ, ಅದನ್ನು ತನ್ನದೇ ಎದೆಬಡಿತವಾಗಿ ಅನುಭವಿಸುವುದಕ್ಕೂ ವ್ಯತ್ಯಾಸವಿದೆ. ಭಾಷಣಕ್ಕೆ ಎದುರು ವಾದಿಸಬಹುದು. ಬಿಗಿಹಿಡಿದ ಉಸಿರಿಗೆ ಏನಂತ ವಾದಿಸ್ತೀರಿ? ತಂತ್ರ ಕುದುರೆ ಇದ್ದ ಹಾಗೆ. ಬೆನ್ನ ಮೇಲೆ ಯಾರು ಕೂತಿದ್ದಾರೆ ಅಂತ ಅದು ನೋಡಲ್ಲ.

ಕೊಲೆಗಾರನ ಕಿವಿಯೊಳಗೆ

1920ರ ದಶಕದ ಕೊನೆಗೆ ಸಿನಿಮಾಕ್ಕೆ ಮಾತು ಬಂತು. ಬಹಳಷ್ಟು ನಿರ್ದೇಶಕರು ಸಿಕ್ಕಿದ್ದೇ ಛಾನ್ಸು ಅಂತ ಪಾತ್ರಗಳ ಕೈಲಿ ಮಾತಾಡಿಸಿದ್ದೇ ಮಾತಾಡಿಸಿದ್ದು. ಆಲ್ಫ್ರೆಡ್ ಹಿಚ್‌ಕಾಕ್ ಬೇರೆ ಥರ ಯೋಚಿಸಿದ. ಮೂಕಿಯಾಗಿ ಶುರುವಾಗಿ ಟಾಕಿಯಾಗಿ ಬದಲಾದ 1929ರ 'ಬ್ಲ್ಯಾಕ್‌ಮೇಲ್' ಚಿತ್ರದಲ್ಲಿ ಆಲಿಸ್ ಅನ್ನೋ ಹುಡುಗಿ ತನ್ನ ಮೇಲೆರಗಿದ ಗಂಡಸನ್ನು ಬ್ರೆಡ್ ಕೊಯ್ಯುವ ಚಾಕುವಿನಿಂದ ಕೊಂದಿದ್ದಾಳೆ. ಯಾರಿಗೂ ಗೊತ್ತಿಲ್ಲ. ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು ಆ ಕೊಲೆಯ ಸುದ್ದಿಯನ್ನೇ ಕೊರೆಯುತ್ತಾಳೆ. ಅವಳ ಮಾತೆಲ್ಲಾ ಕ್ರಮೇಣ ಮಸುಕಾಗಿ ಬರೀ ಗುಜುಗುಜು ಆಗುತ್ತೆ. ಒಂದೇ ಪದ ಮಾತ್ರ ಸ್ಪಷ್ಟವಾಗಿ ಕೇಳುತ್ತೆ: ಚಾಕು. ಚಾಕು. ಚಾಕು! ಆಲಿಸ್ ಬೆಚ್ಚಿ ಕೈಯಲ್ಲಿದ್ದ ಚಾಕು ಹಾರಿಹೋಗುತ್ತೆ. ಶಬ್ದವನ್ನು ಹಿಡಿದು ಹಿಚ್‌ಕಾಕ್ ನಮ್ಮನ್ನು ಅವಳ ಕಿವಿಯೊಳಗೇ ಕೂರಿಸಿಬಿಟ್ಟ.

ಎರಡು ವರ್ಷದ ನಂತರ ಬರ್ಲಿನ್ನಿನಲ್ಲಿ ಫ್ರಿಟ್ಜ್ ಲಾಂಗ್ 'ಎಂ' ಮಾಡಿದ. ಮಕ್ಕಳನ್ನು ಕೊಲ್ಲುವ ಒಬ್ಬನ ಕಥೆ. ಕೊಲೆಯನ್ನು ಲಾಂಗ್ ತೋರಿಸೋದೇ ಇಲ್ಲ. ತಾಯಿ ಮಗಳ ಹೆಸರು ಹಿಡಿದು ಕೂಗುತ್ತಾಳೆ. ಖಾಲಿ ಮೆಟ್ಟಿಲು, ಊಟದ ಮೇಜಿನ ಮೇಲೆ ಖಾಲಿ ತಟ್ಟೆ, ಪೊದೆಯಿಂದ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿಹಾಕಿಕೊಂಡ ಬಲೂನು. ಅಷ್ಟೇ. ಕೊಲೆಗಾರ ಬರುವ ಸುಳಿವು ಅವನ ಶಿಳ್ಳೆ. ಅದೂ ಗ್ರೀಗ್‌ನ ಒಂದು ಪ್ರಸಿದ್ಧ ರಾಗ. ಪಾತ್ರ ಮಾಡಿದ ಪೀಟರ್ ಲೋರೆಗೆ ಶಿಳ್ಳೆ ಹೊಡೆಯೋಕೆ ಬರ್ತಿರಲಿಲ್ಲ, ಲಾಂಗ್ ತಾನೇ ಹೊಡೆದ. ಚಿತ್ರದಲ್ಲಿ ಆ ಶಿಳ್ಳೆಯನ್ನು ಗುರುತು ಹಿಡಿಯುವವನು ಬಲೂನು ಮಾರುವ ಕುರುಡ.

ನಂತರ ಊರಿನ ಕಳ್ಳರು, ಭಿಕ್ಷುಕರು ಎಲ್ಲಾ ಸೇರಿ ಅವನನ್ನು ಬೇಟೆಯಾಡುತ್ತಾರೆ. ಅವನು ಒಂದು ಕಟ್ಟಡದ ಅಟ್ಟದಲ್ಲಿ ಸಿಕ್ಕಿಬಿದ್ದು ಬೀಗ ಬಿಚ್ಚಲು ಒದ್ದಾಡುವಾಗ ಕ್ಯಾಮೆರಾ ಅವನ ಜೊತೆ ಕತ್ತಲಲ್ಲಿದೆ. ಹೊರಗೆ ಹೆಜ್ಜೆ ಸದ್ದು. ಮಕ್ಕಳನ್ನು ಕೊಂದವನು ಸಿಗಲಿ ಅಂತ ಬುದ್ಧಿ ಹೇಳುತ್ತೆ, ಮೈ ಮಾತ್ರ ಅವನ ಜೊತೆ ಮುದುಡಿಕೊಳ್ಳುತ್ತೆ. ಕೊನೆಗೆ ಆ ಗುಂಪು ತಾನೇ ಕೋರ್ಟು ನಡೆಸಿ ಸಾಯಿಸಿ ಅಂತ ಕೂಗುವಾಗ ಲಾಂಗ್ ನಮ್ಮೆದುರು ಒಂದು ಪ್ರಶ್ನೆ ಇಡುತ್ತಾನೆ. ಇವನಂಥವನಿಗೂ ನ್ಯಾಯಾಲಯದ ಹಕ್ಕಿದೆಯೋ ಇಲ್ಲವೋ? 1931ರ ಜರ್ಮನಿಯಲ್ಲಿ ಗುಂಪಿನ ಕೂಗಿಗೆ ಕಿವಿಗೊಡಬೇಡಿ ಅನ್ನೋದು ಸಣ್ಣ ಮಾತಾಗಿರಲಿಲ್ಲ. ಎರಡು ವರ್ಷದಲ್ಲಿ ಹಿಟ್ಲರ್ ಬಂದ, ಲಾಂಗ್ ದೇಶ ಬಿಟ್ಟ. ಗ್ರಿಫಿತ್ ನಮ್ಮ ಉಸಿರನ್ನು ಗುಂಪಿಗೆ ಕೊಟ್ಟಿದ್ದ. ಲಾಂಗ್ ಅದನ್ನು ಗುಂಪಿನಿಂದ ಬಿಡಿಸಿದ.

ಮೇಜಿನ ಕೆಳಗಿನ ಬಾಂಬು

ಹಿಚ್‌ಕಾಕ್‌ನ ಬಾಂಬಿನ ಪಾಠ ನೀವು ಕೇಳಿರಬಹುದು. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಅವನನ್ನು ಕೂರಿಸಿಕೊಂಡು ದಿನಗಟ್ಟಲೆ ಮಾತಾಡಿಸಿದಾಗ ಹೇಳಿದ್ದು. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬಿದೆ. ಪ್ರೇಕ್ಷಕನಿಗೆ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಗಾಬರಿ. ಮೊದಲೇ ಬಾಂಬನ್ನೂ ಗಡಿಯಾರವನ್ನೂ ತೋರಿಸಿಬಿಟ್ಟರೆ ಅದೇ ಹರಟೆ ಹದಿನೈದು ನಿಮಿಷದ ಸಸ್ಪೆನ್ಸ್. ಮಾಹಿತಿ ಬಚ್ಚಿಟ್ಟರೆ ಆಶ್ಚರ್ಯ, ಕೊಟ್ಟರೆ ಸಸ್ಪೆನ್ಸ್. ನಾವು 'ಸಸ್ಪೆನ್ಸ್ ಬಿಟ್ಟುಕೊಡಬೇಡ ಕಣೋ' ಅಂತೀವಲ್ಲ, ಹಿಚ್‌ಕಾಕ್ ಪ್ರಕಾರ ಬಿಟ್ಟುಕೊಟ್ಟ ಮೇಲೇ ಅದು ಶುರುವಾಗೋದು.

ಆದರೆ ಈ ಪಾಠಕ್ಕೂ ಎಷ್ಟೋ ಮೊದಲು ಅವನು ನಿಜಕ್ಕೂ ಒಂದು ಬಾಂಬು ಇಟ್ಟಿದ್ದ. ಜೋಸೆಫ್ ಕಾನ್ರಾಡ್‌ನ 'ದ ಸೀಕ್ರೆಟ್ ಏಜೆಂಟ್' ಕಾದಂಬರಿ ಆಧರಿಸಿದ 1936ರ 'ಸ್ಯಾಬೊಟಾಜ್'ನಲ್ಲಿ ಸ್ಟೀವಿ ಅನ್ನೋ ಹುಡುಗ ಸಿನಿಮಾ ರೀಲಿನ ಡಬ್ಬಗಳ ಜೊತೆ ಒಂದು ಪೊಟ್ಟಣ ಹೊತ್ತು ಲಂಡನ್ನಿನ ಬೀದಿಗಳಲ್ಲಿ ಹೋಗುತ್ತಾನೆ. ಒಳಗೆ ಬಾಂಬಿದೆ, ಒಂದೂ ಮುಕ್ಕಾಲಕ್ಕೆ ಸಿಡಿಯುತ್ತೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ದಾರಿಯಲ್ಲಿ ಮೆರವಣಿಗೆ ಅಡ್ಡ ಬರುತ್ತೆ. ಬೀದಿ ವ್ಯಾಪಾರಿಯೊಬ್ಬ ಅವನನ್ನು ಹಿಡಿದು ಕೂರಿಸಿ ಟೂತ್‌ಪೇಸ್ಟು ಪ್ರಯೋಗ ಮಾಡುತ್ತಾನೆ. ಬಸ್ಸಲ್ಲಿ ಪಕ್ಕದವರ ನಾಯಿಮರಿಯನ್ನು ಹುಡುಗ ಮುದ್ದಿಸುತ್ತಾನೆ. ನಡುನಡುವೆ ಗಡಿಯಾರಗಳು. ಗ್ರಿಫಿತ್ ಕಲಿಸಿದ ವ್ಯಾಕರಣದ ಪ್ರಕಾರ ಕೊನೇ ಕ್ಷಣದಲ್ಲಿ ಯಾರಾದರೂ ಬರಬೇಕು. ಬರೋದಿಲ್ಲ. ಬಸ್ಸು ಸಿಡಿಯುತ್ತೆ.

ಪ್ರೇಕ್ಷಕರು ಸಿಟ್ಟಾದರು. ಅಷ್ಟು ಹೊತ್ತು ಕಾಯಿಸಿ ಹುಡುಗನನ್ನು ಕೊಂದದ್ದು ತಪ್ಪಾಯ್ತು ಅಂತ ಹಿಚ್‌ಕಾಕ್ ಮುಂದೆ ಒಪ್ಪಿಕೊಂಡ. ನನಗೆ ಈ ವಿಷಯದಲ್ಲಿ ಹಿಚ್‌ಕಾಕ್‌ಗಿಂತ ಅವನ ಸಿನಿಮಾದ ಮೇಲೇ ಹೆಚ್ಚು ನಂಬಿಕೆ. ನಿಜವಾದ ಬಾಂಬುಗಳು ಟೂತ್‌ಪೇಸ್ಟು, ನಾಯಿಮರಿ ನೋಡಿಕೊಂಡು ಸಿಡಿಯಲ್ಲ. ಆದರೆ ಪ್ರೇಕ್ಷಕರ ಸಿಟ್ಟೂ ನನಗೆ ಅರ್ಥವಾಗುತ್ತೆ. ಸಸ್ಪೆನ್ಸ್ ಅಂದರೆ ಒಂಥರಾ ಸಾಲ. ನಮ್ಮ ಆತಂಕವನ್ನು ಮುಂಗಡವಾಗಿ ತಗೊಂಡವನು ನೆಮ್ಮದಿಯಾಗಿ ವಾಪಸ್ ಕೊಡ್ತಾನೆ ಅಂತ ಒಂದು ಒಪ್ಪಂದ. ಆ ಒಪ್ಪಂದವೊಂದು ಇದೆ ಅನ್ನೋದು ಅದನ್ನು ಮುರಿದಾಗಲೇ ಗೊತ್ತಾಗಿದ್ದು.

1951ರ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' ಹೊತ್ತಿಗೆ ಅವನು ಇನ್ನೂ ಪಾಕಡಾ ಆಗಿದ್ದ. ಒಂದು ಕಡೆ ನಾಯಕ ಬೇಗ ಗೆದ್ದು ಹೊರಡಬೇಕು ಅಂತ ಟೆನಿಸ್ ಆಡುತ್ತಿದ್ದಾನೆ. ಇನ್ನೊಂದು ಕಡೆ ಅವನನ್ನು ಕೊಲೆ ಕೇಸಿನಲ್ಲಿ ಸಿಕ್ಕಿಸಲು ಹೊರಟ ಖಳನ ಕೈಯಿಂದ ಲೈಟರ್ ಜಾರಿ ಚರಂಡಿಗೆ ಬಿದ್ದಿದೆ. ಜಾಲರಿಯೊಳಗೆ ಕೈ ತೂರಿಸಿ ಬೆರಳು ಚಾಚುತ್ತಾನೆ. ಚೆಂಡು, ಬೆರಳು, ಚೆಂಡು, ಬೆರಳು. ಲೈಟರ್ ಬೆರಳಿಗೆ ತಾಗಿ ಇನ್ನೂ ಕೆಳಗೆ ಜಾರಿದಾಗ ಥಿಯೇಟರು 'ಛೇ' ಅನ್ನುತ್ತೆ. ಯಾರಿಗಾಗಿ? ಖಳನಿಗಾಗಿ! ಕಷ್ಟಪಟ್ಟು ಒಂದು ಕೆಲಸ ಮಾಡುತ್ತಿರುವವನನ್ನು ಹತ್ತಿರದಿಂದ ನೋಡಿದರೆ ಸಾಕು, ಆ ಕೆಲಸ ಏನು ಅನ್ನೋದನ್ನೇ ಮರೆತು ಅದು ಮುಗಿಯಲಿ ಅಂತ ನಮಗನಿಸುತ್ತೆ. ಸೈಕೋದ ಕೆಸರಿನ ಹೊಂಡದ ಗುಟ್ಟೂ ಇದೇ.

ಈ ಗುಟ್ಟನ್ನು ಅರ್ಧ ಗಂಟೆ ಎಳೆದವನು ಜೂಲ್ಸ್ ದಸ್ಸಿನ್. ಕಮ್ಯುನಿಸ್ಟ್ ಅಂತ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿ, ಕೆಲಸವಿಲ್ಲದೆ ಯುರೋಪಿಗೆ ಹೋದ ಅಮೆರಿಕನ್ನ. ಪ್ಯಾರಿಸಿನಲ್ಲಿ ಕಮ್ಮಿ ದುಡ್ಡಲ್ಲಿ ಮಾಡಿದ 1955ರ 'ರಿಫಿಫಿ'ಯಲ್ಲಿ ನಾಲ್ವರು ಕಳ್ಳರು ಒಡವೆ ಅಂಗಡಿಗೆ ಮೇಲಿನ ಮಹಡಿಯಿಂದ ಕನ್ನ ಹಾಕುತ್ತಾರೆ. ಸುಮಾರು ಅರ್ಧ ಗಂಟೆ ಮಾತಿಲ್ಲ, ಸಂಗೀತವಿಲ್ಲ. ಉಸಿರು, ಸುತ್ತಿಗೆ, ಉದುರುವ ಗಾರೆ. ಗಾರೆ ಕೆಳಗೆ ಬಿದ್ದು ಸದ್ದಾಗದಿರಲು ತೂತಿನಿಂದ ಕೊಡೆ ಇಳಿಸಿ ಬಿಚ್ಚುತ್ತಾರೆ. ಸಂಗೀತ ನಿರ್ದೇಶಕ ಜಾರ್ಜ್ ಓರಿಕ್ ಆ ದೃಶ್ಯಕ್ಕೆ ಸಂಗೀತ ಮಾಡಿಯೇ ತಂದಿದ್ದನಂತೆ. ಸಂಗೀತ ಇಟ್ಟು ಒಮ್ಮೆ, ತೆಗೆದು ಒಮ್ಮೆ ತೋರಿಸಿದಾಗ ತೆಗೆದುಬಿಡು ಅಂತ ಅವನೇ ಹೇಳಿದ. ಸದ್ದಾದರೆ ಕಳ್ಳರು ಸಿಕ್ಕಿಬೀಳುತ್ತಾರೆ, ಹಾಗಾಗಿ ನೋಡುವವರೂ ಕೆಮ್ಮೋದಿಲ್ಲ. ನಾವು ಟಿಕೆಟ್ ಕೊಂಡು ಒಳಗೆ ಬಂದ ಐದನೇ ಕಳ್ಳರು.

ಹಾಡು ಬಂದರೆ ಉಸಿರು ಹೋಯ್ತು

ಹಾಗಾದರೆ ನಮ್ಮಲ್ಲಿ? ನಮ್ಮ ಸಿನಿಮಾಗಳಿಗೆ ಹಾಡು ಅನ್ನೋ ದೊಡ್ಡ ಸಂಪತ್ತಿದೆ. ಸಸ್ಪೆನ್ಸಿಗೆ ಅದೇ ಕಂಟಕ. ಇಪ್ಪತ್ತು ನಿಮಿಷ ಕಷ್ಟಪಟ್ಟು ಕಟ್ಟಿದ ಉಸಿರು ಒಂದು ಪಲ್ಲವಿಗೆ ಹೊರಟುಹೋಗುತ್ತೆ. ಹೀಗಾಗಿ ನಮ್ಮ ಕಡೆ ಥ್ರಿಲ್ಲರ್ ಮಾಡಹೊರಟವರ ಮೊದಲ ತಾಂತ್ರಿಕ ತೀರ್ಮಾನ ಕ್ಯಾಮೆರಾದ್ದಾಗಿರಲಿಲ್ಲ, ಹಾಡು ಬೇಡ ಅನ್ನೋದಾಗಿತ್ತು. ಮುಂದೆ ದೊಡ್ಡ ವೀಣಾ ವಿದ್ವಾಂಸರೆಂದು ಹೆಸರಾದ ಎಸ್. ಬಾಲಚಂದರ್ 1954ರಲ್ಲೇ ತಮಿಳಿನಲ್ಲಿ ಹಾಡಿಲ್ಲದ 'ಅಂದ ನಾಳ್' ಮಾಡಿದರು. ಸಂಗೀತಗಾರನೇ ಹಾಡು ಕಿತ್ತುಹಾಕಿದ್ದು! ಹಿಂದಿಯಲ್ಲಿ ಬಿ. ಆರ್. ಚೋಪ್ರಾ ಅವರ 'ಕಾನೂನ್' 1960ರಲ್ಲಿ, ಯಶ್ ಚೋಪ್ರಾ ಅವರ 'ಇತ್ತೆಫಾಕ್' 1969ರಲ್ಲಿ ಬಂದವು.

ಕನ್ನಡದಲ್ಲಿ ಈ ಧೈರ್ಯಕ್ಕೆ ಸುನೀಲ್ ಕುಮಾರ್ ದೇಸಾಯಿ ಅವರ ಹೆಸರು ಹೇಳಲೇಬೇಕು. 1989ರ 'ತರ್ಕ' ಅವರ ಮೊದಲ ಚಿತ್ರ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಇದ್ದರು, ಹಾಡಿರಲಿಲ್ಲ. ಮುಂದಿನ ವರ್ಷವೇ ತಮಿಳಿಗೂ ಹೋಯಿತು. ಅದರ ಎಳೆ ಅಗಾಥಾ ಕ್ರಿಸ್ಟಿಯ 1958ರ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' ನಾಟಕದ್ದು. ಆ ನಾಟಕದ ಶುರುವಿನಲ್ಲೇ ಅಪರಿಚಿತನೊಬ್ಬ ರಾತ್ರಿ ಒಂದು ಮನೆಯೊಳಗೆ ಬರುತ್ತಾನೆ. ಗಂಡನ ಹೆಣ, ಪಕ್ಕದಲ್ಲಿ ಪಿಸ್ತೂಲು ಹಿಡಿದ ಹೆಂಡತಿ. ಪೊಲೀಸರನ್ನು ಕರೆಯುವ ಬದಲು ಅವಳನ್ನು ಉಳಿಸುವ ಉಪಾಯ ಹೂಡುತ್ತಾನೆ. ನೋಡಿದಿರಾ? ಕೆಸರಿನ ಹೊಂಡಕ್ಕೆ ಕಾರು ತಳ್ಳುವ ಕೆಲಸವೇ ಇದೂ. ಇದರ ನಂತರ ದೇಸಾಯಿಯವರು ಮಣಿಪಾಲದಲ್ಲಿ ಬ್ಯಾಂಕ್ ದರೋಡೆಯ ಸುತ್ತ ಕಟ್ಟಿದ 'ನಿಷ್ಕರ್ಷ' 1993ರಲ್ಲಿ ಬಂತು. ವಿಷ್ಣುವರ್ಧನ್, ಅನಂತ್ ನಾಗ್ ಇದ್ದೂ ಹಾಡಿಲ್ಲ! ಇಬ್ಬರು ಸ್ಟಾರ್‌ಗಳನ್ನು ಇಟ್ಟುಕೊಂಡು ಹಾಡು ಬೇಡ ಅನ್ನೋಕೆ ಎಷ್ಟು ಗುಂಡಿಗೆ ಬೇಕು ಅಂತ ಆ ಕಾಲದ ಕ್ಯಾಸೆಟ್ ವ್ಯಾಪಾರ ನೆನಪಿರುವವರಿಗೆ ಗೊತ್ತು.

ಒಪ್ಪಂದ ಮುರಿದ ಕಾಲಿಂಗ್ ಬೆಲ್

ಸ್ಟೀವನ್ ಸ್ಪೀಲ್‌ಬರ್ಗ್ 1975ರಲ್ಲಿ 'ಜಾಸ್' ಮಾಡುವಾಗ ಯಾಂತ್ರಿಕ ಶಾರ್ಕು ಪದೇಪದೇ ಕೈಕೊಟ್ಟಿತು. ಹಾಗಾಗಿ ಅದು ಸರಿಯಾಗಿ ಕಾಣಿಸಿಕೊಳ್ಳೋದು ಒಂದು ಗಂಟೆ ದಾಟಿದ ಮೇಲೆ. ಅಲ್ಲಿಯತನಕ ಶಾರ್ಕಿನ ಬದಲು ಇರೋದು ನೀರಿನಡಿಯ ಕ್ಯಾಮೆರಾ ಮತ್ತು ಜಾನ್ ವಿಲಿಯಮ್ಸ್‌ನ ಎರಡು ಸ್ವರ. ಮೇಲೆ ಒದೆಯುತ್ತಿರುವ ಎಳೆಯ ಕಾಲುಗಳನ್ನು ನಾವು ಕೆಳಗಿನಿಂದ ನೋಡುತ್ತಿದ್ದೇವೆ, ಅಂದರೆ ನಾವೇ ಶಾರ್ಕು. ಇನ್ನೊಂದು ಸೂಕ್ಷ್ಮ ಗಮನಿಸಿ. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಎಲ್ಲರನ್ನೂ ಬೆಚ್ಚಿಬೀಳಿಸುವಾಗ ಆ ಎರಡು ಸ್ವರ ಬರಲ್ಲ. ಸಂಗೀತ ಸುಳ್ಳು ಹೇಳಲ್ಲ ಅಂತ ನಮಗೆ ಅಭ್ಯಾಸ ಮಾಡಿಸುತ್ತಾನೆ. ಆಮೇಲೆ ಒಂದು ದಿನ ಸಂಗೀತವೇ ಇಲ್ಲದೆ ಶಾರ್ಕು ದಡಕ್ಕನೆ ತಲೆಯೆತ್ತುತ್ತೆ.

ಗ್ರಿಫಿತ್‌ನ ವ್ಯಾಕರಣವನ್ನೇ ಸುಳ್ಳಾಗಿಸಿದ್ದು 1991ರ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್'. ಎಫ್‌ಬಿಐ ಪಡೆ ಒಂದು ಮನೆಯನ್ನು ಸುತ್ತುವರಿದಿದೆ. ಒಳಗೆ ನೆಲಮಾಳಿಗೆಯಲ್ಲಿ ಕೊಲೆಗಾರ. ಹೊರಗೆ ಬೆಲ್ ಒತ್ತುತ್ತಾರೆ, ಒಳಗೆ ಬೆಲ್ ಬಾರಿಸುತ್ತೆ. ಕೊಲೆಗಾರ ಬಾಗಿಲು ತೆಗೆದರೆ ನಿಂತಿರೋದು ಪಡೆಯಲ್ಲ, ಒಬ್ಬಂಟಿ ಕ್ಲಾರಿಸ್. ಪಡೆ ಸುತ್ತುವರಿದದ್ದು ಇನ್ನೊಂದು ರಾಜ್ಯದ ಖಾಲಿ ಮನೆಯನ್ನು. ಒಂದಾದ ಮೇಲೊಂದು ತೋರಿಸಿದ್ದು ಒಂದೇ ಜಾಗ ಅಂತ ನಾವೇ ಜೋಡಿಸಿಕೊಂಡಿದ್ದೆವು. ಎಂಬತ್ತು ವರ್ಷದ ಅಭ್ಯಾಸವನ್ನು ಜೊನಾಥನ್ ಡೆಮ್ಮಿ ಒಂದು ಕಾಲಿಂಗ್ ಬೆಲ್‌ನಲ್ಲಿ ಹಿಡಿದುಹಾಕಿದ. ನಂತರದ ಕತ್ತಲಲ್ಲಿ ಕ್ಲಾರಿಸ್ ತಡಕಾಡುವುದನ್ನು ನಾವು ನೋಡೋದು ಕೊಲೆಗಾರನ ಹಸಿರು ಕನ್ನಡಕದ ಮೂಲಕ. ಅವನ ಕೈ ಅವಳ ಕೂದಲ ಹತ್ತಿರಕ್ಕೆ ಚಾಚುತ್ತೆ. ನಮ್ಮ ಕಣ್ಣು ಅವನದು, ಭಯ ಅವಳದು. ಅದು ಅಸಹ್ಯ ಅನಿಸುತ್ತೆ, ಅನಿಸಬೇಕು.

ಗಡಿಯಾರ ಯಾರ ಕೈಲಿ?

ಇದೆಲ್ಲಾ ಸಿನಿಮಾದ ಮಾತಾಯ್ತು, ನಮಗೇನು ಅಂತೀರಾ? 2001ರ ನವೆಂಬರಿನಲ್ಲಿ ಅಮೆರಿಕದ ಟೀವಿಯಲ್ಲಿ '24' ಶುರುವಾಯಿತು. ಪರದೆಯ ಮೇಲೆ ಟಿಕ್ ಟಿಕ್ ಅನ್ನುವ ಗಡಿಯಾರ, ಲೋಯಿಸ್ ವೆಬರ್ ಮಾಡಿದ ಹಾಗೆ ತುಂಡು ಮಾಡಿದ ಪರದೆ, ಎಲ್ಲೋ ಒಂದು ಬಾಂಬು, ಕೈಗೆ ಸಿಕ್ಕ ಒಬ್ಬ ಶಂಕಿತ. ಅವನು ಬಾಯಿ ಬಿಡಬೇಕು, ಸಮಯವಿಲ್ಲ. ನಾಯಕ ಹಿಂಸೆ ಕೊಡುತ್ತಾನೆ, ಅವನು ಸತ್ಯ ಹೇಳುತ್ತಾನೆ. ವಾರ ವಾರವೂ ಹೀಗೆ. ಅದೇ ಹೊತ್ತಿಗೆ ನಿಜದ ಅಮೆರಿಕ ನಿಜದ ಕೈದಿಗಳಿಗೆ ಹಿಂಸೆ ಕೊಡಬಹುದೇ ಅಂತ ಚರ್ಚಿಸುತ್ತಿತ್ತು. ಕೊಡುತ್ತಲೂ ಇತ್ತು. 2006ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನೆಗನ್ ಮತ್ತು ಅನುಭವಿ ವಿಚಾರಣಾಧಿಕಾರಿಗಳು ಆ ಧಾರಾವಾಹಿಯ ತಂಡವನ್ನು ಹುಡುಕಿಕೊಂಡು ಹೋದರು. ನಮ್ಮ ಹುಡುಗರು ಇದನ್ನು ನೋಡಿ ಕೆಟ್ಟದ್ದು ಕಲೀತಿದ್ದಾರೆ, ಹಿಂಸೆ ಹೀಗೆ ಕೆಲಸ ಮಾಡಲ್ಲ ಅಂತ ಹೇಳಲು.

ಯೋಚಿಸಿ ನೋಡಿ. ಸೈನ್ಯದ ಕಾನೂನು ಕಲಿಸುವ ಹಿರಿಯ ಅಧಿಕಾರಿಗೆ ತರಗತಿಯಲ್ಲಿ ಸೋಲಾಗುತ್ತಿದ್ದದ್ದು ಒಂದು ಎಡಿಟಿಂಗ್ ತಂತ್ರದ ಎದುರು. 1915ರಲ್ಲಿ ಕುದುರೆ ಓಡಿಸಿದ ಕತ್ತರಿಯೇ ಇಲ್ಲಿ ಗಡಿಯಾರ ಓಡಿಸುತ್ತಿತ್ತು.

ಈಗ ಆ ಕತ್ತರಿ ನಮ್ಮ ಜೇಬಲ್ಲೇ ಇದೆ. ರಾತ್ರಿಯ ನ್ಯೂಸ್ ನೋಡಿ. ಕೌಂಟ್‌ಡೌನ್, ಢಂ ಢಂ ಸಂಗೀತ, ಆರು ತುಂಡಾದ ಪರದೆ, ಆರೋಪಿಯ ಕಣ್ಣನ್ನು ಜೂಮ್ ಮಾಡಿದ ಶಾಟು. ವಾಟ್ಸಾಪಿಗೆ ಬರುವ ಸಿಸಿಟಿವಿ ತುಣುಕಿಗೂ ಯಾರೋ ಸಂಗೀತ ಹಾಕಿರುತ್ತಾರೆ, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಯಾರೋ ತೀರ್ಮಾನಿಸಿರುತ್ತಾರೆ. ಎದೆ ಡವಡವ ಅಂದ ತಕ್ಷಣ ನಾವು ಒಂದು ಕಡೆ ಸೇರಿಬಿಟ್ಟಿರುತ್ತೇವೆ. ಆಮೇಲೆ ಕಾಮೆಂಟ್ ಟೈಪ್ ಮಾಡೋದು ಬರೀ ಶಾಸ್ತ್ರಕ್ಕೆ.

ಹಾಗಂತ ಥ್ರಿಲ್ಲರ್ ಬಿಡಿ ಅನ್ನೋನಲ್ಲ ನಾನು. ಶುಕ್ರವಾರ ರಾತ್ರಿ ನನಗೂ ಅದೇ ಬೇಕು. ನಾನು ಮಾಡೋದಿಷ್ಟೇ: ಉಸಿರು ಬಿಗಿಯಾಯ್ತು ಅನಿಸಿದಾಗ ಒಮ್ಮೆ ಮ್ಯೂಟ್ ಮಾಡುತ್ತೇನೆ. ಸದ್ದು ಹೋದ ತಕ್ಷಣ ಹೊಲಿಗೆಗಳು ಕಾಣುತ್ತವೆ. ಯಾರ ಕಣ್ಣಿಂದ ನೋಡ್ತಿದ್ದೀನಿ, ಯಾರ ಮುಖ ನನಗೆ ತೋರಿಸಿಯೇ ಇಲ್ಲ, ಸಮಯ ಇಲ್ಲ ಅಂತ ಹೇಳಿದ್ದು ಯಾರು ಅಂತ ಕೇಳಿಕೊಳ್ಳುತ್ತೇನೆ. ಒಳ್ಳೇ ಸಿನಿಮಾ ಆದರೆ ಈ ಪ್ರಶ್ನೆಗಳಿಂದ ಅದರ ಮಜಾ ಹೆಚ್ಚಾಗುತ್ತೆ. ಬರೀ ಕುದುರೆ ಓಡಿಸುತ್ತಿರುವವರದ್ದಾದರೆ ಅಲ್ಲೇ ಸುಸ್ತಾಗಿ ನಿಲ್ಲುತ್ತೆ.

ಮೇಜಿನ ಕೆಳಗೆ ಬಾಂಬಿದೆ ಅಂತ ಯಾರಾದರೂ ಹೇಳಿದರೆ ಓಡಬೇಕು, ನಿಜ. ಓಡುವ ಮುಂಚೆ ಒಮ್ಮೆ ಬಗ್ಗಿ ನೋಡೋಕೆ ಎಷ್ಟು ಹೊತ್ತು ಬೇಕು?